ಟೊರಾಂಟೊದ ವೇದಿಕೆಯಲ್ಲಿ ನಾನು ಆಡಿದ ಮಾತು

ಮಾಂಟ್ರಿಯಲ್
26 ಮಾರ್ಚ್ 1986

ನನ್ನ ಮುದ್ದು ಮಿರೇಯ್,

ನೀವೆಲ್ಲ ಆರೋಗ್ಯ ತಾನೆ? ಪ್ರಶಸ್ತಿ ಬಂದು ವಾರವಾದರೂ ಅಮ್ಮ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ನೋಡಲು ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟೇ ಕೈ ಸೋತಿದೆ. ಕೆಳಗಿನ ಮನೆಯ ಫೆರ್ನಾಂದ್ ಪ್ರತಿಮೆ ಎತ್ತಿ ನೋಡಿ, "ಅಬ್ಬಾ, ಏನು ಭಾರನೇ! ಬಾಗಿಲಿಗೆ ಅಡ್ಡ ಇಟ್ಕೋ, ಗಾಳಿಗೆ ಬಡ್ಕೊಳ್ಳಲ್ಲ" ಎಂದಳು.

ಟೊರಾಂಟೊದ ಸಭಾಂಗಣದಲ್ಲಿ ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಇಂಗ್ಲಿಷಿನವರು ಒಂದು ಕಡೆ, ನಾವು ಫ್ರೆಂಚಿನವರು ಒಂದು ಕಡೆ ಕೂತಿದ್ದೆವು. ಪೋಷಕ ನಟಿಯ ಹೆಸರು ಕೂಗಿದಾತ ಗಿಲೆನ್ ಎನ್ನುವುದನ್ನು "ಘಿಸ್‌ಲೇನ್" ಎಂದು ಓದಿದ. ಯಾರೋ ಪುಣ್ಯವಂತೆ ಎಂದುಕೊಂಡು ನಾನೂ ಚಪ್ಪಾಳೆ ತಟ್ಟಿದೆ. ನಮ್ಮ ನಿರ್ದೇಶಕ ರೆಜಾಂ ಮೊಣಕೈಯಲ್ಲಿ ತಿವಿದು, "ಅಮ್ಮಾವ್ರೇ, ಎದ್ದೇಳಿ, ಅದು ನೀವೇ!" ಎಂದ.

ನೀನು ಹೇಳಿಕೊಟ್ಟ ಇಂಗ್ಲಿಷ್ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಒಂದೂ ನೆನಪಿಲ್ಲ. ನಮ್ಮ ಮಾತಿನಲ್ಲೇ ಅಂದುಬಿಟ್ಟೆ: "ಅಂತೂ ಕರೆದ್ರಲ್ಲ! ಇನ್ನೂ ತಡ ಮಾಡಿದ್ರೆ ಸ್ಮಶಾನಕ್ಕೇ ತಂದುಕೊಡಬೇಕಾಗ್ತಿತ್ತು." ನಮ್ಮವರು ಬಿದ್ದು ಬಿದ್ದು ನಕ್ಕರು. ಆ ನಗು ನಿಲ್ಲುವ ಹೊತ್ತಿಗೆ, ಕಿವಿಯ ಯಂತ್ರದಲ್ಲಿ ಅನುವಾದ ಕೇಳಿಸಿಕೊಂಡವರ ನಗು ಶುರುವಾಯಿತು. ನಿನ್ನ ಮಗಳು ಟೀವಿ ಮುಂದೆ ಕೂತಿರುತ್ತಾಳೆಂದು ನೆನಪಾಗಿ ಕ್ಯಾಮರಾ ಕಡೆ ತಿರುಗಿದೆ: "ಶೆಲ್ಲಿ, ನನ್ನ ಚಿನ್ನ, ಅಜ್ಜಿ ಇವತ್ತು ಹೇಗೆ ಕಾಣ್ತಿದ್ದೀನೇ?"

ಕೆಳಗಿಳಿದಾಗ, ನನ್ನ ಜೊತೆ ಸ್ಪರ್ಧೆಯಲ್ಲಿದ್ದ ಇಂಗ್ಲಿಷ್ ನಟಿ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನಾನು... ನೀವು... ತುಂಬಾ ಖುಷಿ" ಎಂದು ನಮ್ಮ ಭಾಷೆಯಲ್ಲಿ ತಡವರಿಸಿದಳು. ಸೋತ ಹೆಣ್ಣು, ಅಷ್ಟು ಪ್ರೀತಿ! ತಬ್ಬಿಕೊಂಡುಬಿಟ್ಟೆ.

ನಿಮ್ಮ ಕ್ಯಾಲ್ಗರಿಯಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ. ಕಿವಿ ಮುಚ್ಚಿಕೊಂಡು ಓಡಾಡಿ. ಅಳಿಯನಿಗೂ ಹೇಳು. ದೇವರು ನಿಮ್ಮ ಮೂವರನ್ನೂ ನಗುನಗುತ್ತಾ ಇಟ್ಟಿರಲಿ.

ನಿನ್ನ ಅಮ್ಮ

ತಾ.ಕ.: ಪ್ರಶಸ್ತಿ ಬಂದ ಮರುದಿನ ಬೆಳಿಗ್ಗೆ ನೀನು ಫೋನ್ ಮಾಡಿದಾಗ ಪಕ್ಕದಲ್ಲಿ ಶೆಲ್ಲಿಯ ದನಿ ಕೇಳಿಸಿತು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ: "ಅಮ್ಮಾ, ಟೀವಿಲಿ ಅಜ್ಜಿ ನನಗೇನಂದ್ರು?" ನೀನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳ ಉತ್ತರವನ್ನು ನನಗೆ ಫ್ರೆಂಚಿನಲ್ಲಿ ಹೇಳಿದೆ. ನಾನು ನಕ್ಕೆ. ಫೋನ್ ಇಟ್ಟ ಮೇಲೆ ಹೋಟೆಲಿನ ಮಂಚದ ಮೇಲೆ ಕೂತು ಅತ್ತೆ. ನಿನ್ನನ್ನು ದೂರುತ್ತಿಲ್ಲ ಮಗಳೇ. ಆ ಇಂಗ್ಲಿಷ್ ಊರಲ್ಲಿ ಅವಳು ನಮ್ಮ ಮಾತನ್ನು ಯಾರ ಹತ್ತಿರ ಆಡಬೇಕು? ಬೇಸಿಗೆ ರಜೆಗೆ ಅವಳನ್ನು ನನ್ನ ಹತ್ತಿರ ಕಳಿಸು. ಪಾಠಗೀಠ ಏನೂ ಮಾಡುವುದಿಲ್ಲ. ಒಂದು ಸಲವಾದರೂ, ನಡುವೆ ನೀನಿಲ್ಲದೆ, ನನ್ನ ಮೊಮ್ಮಗಳ ಜೊತೆ ಜಗಳವಾಡಬೇಕು.