ಬೋರ್ಡಿನಲ್ಲಿ ಇಲ್ಲದ ಬಾಗಿಲು

ಜುಲೈ 3, ಗುರುವಾರ

ಬೆಳಿಗ್ಗೆ ಬೋರ್ಡು ಒರೆಸಿದೆ. ಮೊಟ್ಟೆ ಅಂಗಡಿಯವನು ಬೆಲೆ ಏರಿಸಿದ್ದಾನೆ, ತಿದ್ದಿದೆ. ಒಡೆದ ಮೊಟ್ಟೆ ಈಗಲೂ ಅರ್ಧ ಬೆಲೆಗೆ, ಪಾತ್ರೆ ನಾವೇ ಒಯ್ಯಬೇಕು. ಬಸ್ ಸ್ಟ್ಯಾಂಡ್ ಮೆಸ್ಸಿನಲ್ಲಿ ಮೂರು ಗಂಟೆ ಮೇಲೆ ಐಡಿ ಕಾರ್ಡ್ ತೋರಿಸಿದರೆ ಎರಡನೇ ಸಲದ ಅನ್ನಕ್ಕೆ ಕಾಸಿಲ್ಲ. ಅದನ್ನೂ ಬರೆದೆ.

ಮೆಟ್ಟಿಲ ಕೆಳಗಿನ ಈ ಬೋರ್ಡು ಒಂದು ವರ್ಷದಿಂದ ನನ್ನದು. ಯಾರೂ ಕೊಟ್ಟಿದ್ದಲ್ಲ, ನಾನೇ ಹಿಡಿದುಕೊಂಡದ್ದು. ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ ಅಂತ ಈ ಕಾಲೇಜಿಗೆ ಕಲಿಸಿದವಳು ನಾನು. ಫಸ್ಟ್ ಇಯರಿನವರು ನೋಡಿದರೆ ಎದ್ದು ನಿಲ್ಲುತ್ತಾರೆ... ಸರಿ, ಇಬ್ಬರು ನಿಂತಿದ್ದರು.

ಇವತ್ತು ಬಲಗಡೆ ಮೂಲೆಯಲ್ಲಿ ಒಂದು ಹಳದಿ ಚೀಟಿ. ನನ್ನ ಅಕ್ಷರವಲ್ಲ. “ತರಕಾರಿ ಮಾರ್ಕೆಟ್ಟಿಗೆ ಗಾಡಿ ಎತ್ತುವ ಹೊತ್ತಿಗೆ ಹೋಗಿ. ಚೌಕಾಸಿ ಬೇಡ. ಚೀಲ ಮಡಚುವುದಕ್ಕೆ ಜೊತೆಗೆ ನಿಲ್ಲಿ. ಉಳಿದದ್ದನ್ನು ಅವರೇ ಕೊಡುತ್ತಾರೆ.”

ಚೀಟಿಯ ಮುಂದೆ ಏಳು ಜನ ನಿಂತು ಓದುತ್ತಿದ್ದರು. ನನ್ನ ಮೊಟ್ಟೆಯ ಮುಂದೆ ಯಾರೂ ಇರಲಿಲ್ಲ.

ಜುಲೈ 5, ಶನಿವಾರ

ಗುಬ್ಬಿಯ ಕೆಲಸ! ನನ್ನ ರೂಮ್‌ಮೇಟ್, ಬಂದು ಇನ್ನೂ ತಿಂಗಳಾಗಿಲ್ಲ. ಗುಬ್ಬಿ ಅಂತ ಹೆಸರಿಟ್ಟವಳು ನಾನೇ. ಸಣ್ಣ ಆಳು, ಸೂರ್ಯನಿಗಿಂತ ಮೊದಲು ಏಳುತ್ತಾಳೆ, ಯಾರು ಕರೆದರೂ ಹೋಗಿ ಕೂರುತ್ತಾಳೆ.

“ಚೀಟಿ ಅಂಟಿಸಿದ್ದು ನೀನಾ?”

“ಹೂಂ ಅಕ್ಕಾ. ನಿಮ್ಮ ಬೋರ್ಡು ಚೆನ್ನಾಗಿತ್ತು, ನಂದೂ ಒಂದು ಇರ್ಲಿ ಅಂತ.”

ಚೆನ್ನಾಗಿ*ತ್ತು* ಅಂತೆ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಹೆಚ್ಚು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಒಣಗಿದ ಬಟ್ಟೆ ಮಡಚಿ ಮಂಚದ ಮೇಲಿಟ್ಟಿದ್ದು ಕಂಡಿತು. ಬಾಯಿ ಮುಚ್ಚಿದೆ. ಇಂಥವರ ಜೊತೆ ಜಗಳವಾಡುವುದೂ ಕಷ್ಟ.

ಜುಲೈ 9, ಬುಧವಾರ

ಈಗ ಹಳದಿ ಚೀಟಿ ಆರು. ಕ್ಯಾಂಟೀನ್ ಸರ್ವರ್ ಅವಳ ತಟ್ಟೆಗೆ ಬೇಳೆ ಸಾರು ತಳದಿಂದ ಕಲಕಿ ಹಾಕಿದ. ನನಗೆ ಮೇಲಿನ ತಿಳಿ. ಎರಡು ವರ್ಷದ ಪರಿಚಯ ಅವನಿಗೂ ನನಗೂ. ಎರಡು ವರ್ಷ ತಿಳಿಯನ್ನೇ ಕುಡಿದೆನಾ ಹಾಗಾದರೆ?

ಹೊಟ್ಟೆಕಿಚ್ಚು ಅಂತ ಇದಕ್ಕೆ ಹೆಸರು. ಇಲ್ಲಿ ಬರೆಯಲು ನಾಚಿಕೆ ಏನು, ಓದುವವರು ಯಾರಿದ್ದಾರೆ. ಅವಳನ್ನು ಕಂಡರೆ ಉರಿಯುತ್ತದೆ. ನಕ್ಕರೆ ಇನ್ನೂ ಉರಿಯುತ್ತದೆ.

ಜುಲೈ 11, ಶುಕ್ರವಾರ

ವಿದ್ಯಾರ್ಥಿ ಕ್ಷೇಮದ ಮೇಡಂ ಇಬ್ಬರನ್ನೂ ಕರೆಸಿದರು. ಕ್ಯಾಂಟೀನ್ ಮೂಲೆಯಲ್ಲಿ “ಊಟದ ಮೇಜು” ಹಾಕುತ್ತಾರಂತೆ. ಕಷ್ಟದಲ್ಲಿರುವವರಿಗೆ ಕೂಪನ್, ಉಳಿದವರಿಗೆ ಎಲ್ಲಿ ಏನು ಅಗ್ಗ ಅನ್ನುವ ಮಾಹಿತಿ. ಕೂರುವವರು ಒಬ್ಬರು. ಸಂಬಳವಿಲ್ಲ, ದಿನಕ್ಕೆ ಎರಡು ಊಟ.

“ಬುಧವಾರದೊಳಗೆ ಇಬ್ರೂ ಒಂದೊಂದು ಪಟ್ಟಿ ಕೊಡಿ. ಯಾರ ಪಟ್ಟಿಲಿ ಹೆಚ್ಚು ಜಾಗ ಇರುತ್ತೋ ಅವರು ಕೂತ್ಕೊಳ್ಳಿ. ನಂಗೆ ಪಕ್ಷಪಾತ ಗೊತ್ತಿಲ್ಲಮ್ಮ.”

ನಿಜ ಬರೆಯುತ್ತೇನೆ. ನನಗೆ ಊಟಕ್ಕೆ ಅಂಥ ಕಷ್ಟವಿಲ್ಲ. ಅಣ್ಣ ತಿಂಗಳ ಮೊದಲ ವಾರ ಕಳಿಸುತ್ತಾನೆ, ಜೊತೆಗೆ ಉಪದೇಶವೂ ಬರುತ್ತದೆ. ನನಗೆ ಬೇಕಾದದ್ದು ಆ ಕುರ್ಚಿ. ಅದರಲ್ಲಿ ಗುಬ್ಬಿ ಕೂತಿರುವುದನ್ನು ದಿನಾ ನೋಡಿಕೊಂಡು ಊಟ ಮಾಡಲು ನನ್ನಿಂದ ಆಗದು.

ಜುಲೈ 14, ಸೋಮವಾರ

ಅವಳು ಸ್ನಾನಕ್ಕೆ ಹೋದಾಗ ಮಂಚದ ಮೇಲಿದ್ದ ಪಟ್ಟಿ ಎಣಿಸಿದೆ. ಹತ್ತೊಂಬತ್ತು. ನನ್ನದೂ ಹತ್ತೊಂಬತ್ತು. ಇನ್ನೊಂದು ಬೇಕು... ಒಂದೇ ಒಂದು.

ಇನ್ನೊಂದು ವಿಷಯ. ದಿನಾ ಬೆಳಿಗ್ಗೆ ಐದಕ್ಕೆ ಬಟ್ಟೆ ಚೀಲ ಹಿಡಿದು ಹೋಗುತ್ತಾಳೆ. ಬರುವಾಗ ಚೀಲ ಉಬ್ಬಿರುತ್ತದೆ, ರೂಮೆಲ್ಲ ಬ್ರೆಡ್ಡಿನ ವಾಸನೆ. “ತಗೊಳ್ಳಿ ಅಕ್ಕಾ” ಅಂತ ನನಗೂ ಎರಡು ತುಂಡು ಚಾಚುತ್ತಾಳೆ. ಬೇಡ ಅನ್ನುತ್ತೇನೆ. ಎಲ್ಲಿಂದ ಅಂದರೆ ನಗುತ್ತಾಳೆ. ಅವಳ ಹತ್ತೊಂಬತ್ತರಲ್ಲಿ ಬ್ರೆಡ್ಡಿನ ಸುದ್ದಿಯೇ ಇಲ್ಲ.

ಜುಲೈ 15, ಮಂಗಳವಾರ

ಹಿಂಬಾಲಿಸೋಣ ಅಂತ ಅಲಾರಂ ಇಟ್ಟೆ. ನಿದ್ದೆ ಬಿಡಲಿಲ್ಲ, ಎದ್ದಾಗ ಐದೂ ಮುಕ್ಕಾಲು. ಹಾಗೇ ಚಪ್ಪಲಿ ಮೆಟ್ಟಿಕೊಂಡು ವಾಸನೆಯ ದಾರಿ ಹಿಡಿದೆ. ಎರಡು ಬೀದಿ ಆಚೆ ಬೇಕರಿ, ಪಕ್ಕದಲ್ಲಿ ಕಸದ ಡ್ರಮ್ಮುಗಳ ಓಣಿ, ಕೊನೆಗೆ ಹಿಂಬಾಗಿಲು. ಆರು ಗಂಟೆಗೆ ಸರಿಯಾಗಿ ಗುಬ್ಬಿ ಹೊರಗೆ ಬಂದಳು. ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಬೇಕರಿ ಹೆಂಗಸು. ಅವಳ ಕೈಯಿಂದ ಇವಳ ಚೀಲಕ್ಕೆ ನಿನ್ನೆಯ ಬ್ರೆಡ್ಡು, ಮೂರು ಪೌಂಡಾದರೂ ಇರಬೇಕು. ದುಡ್ಡು ಕೊಡಲಿಲ್ಲ. ಹೆಂಗಸು ಇವಳ ಕೆನ್ನೆ ಬೇರೆ ತಟ್ಟಿದಳು.

ಪುಕ್ಕಟೆ. ಅದಕ್ಕೇ ಪಟ್ಟಿಯಲ್ಲಿ ಹಾಕಿಲ್ಲ. ಊರಿಗೆಲ್ಲ ಹಳದಿ ಚೀಟಿ, ತನಗೆ ಮಾತ್ರ ಗುಟ್ಟಿನ ಬಾಗಿಲು. ಅಕ್ಕಾ ಅಕ್ಕಾ ಅಂತ ಬೆಣ್ಣೆಯಂಥ ಮಾತು, ಒಳಗೆ ನೋಡಿದರೆ ಇಷ್ಟು ಸ್ವಾರ್ಥ. ಎಷ್ಟು ಖುಷಿಯಾಯಿತು ಅಂದರೆ, ರೂಮಿಗೆ ಬರುವ ದಾರಿಯಲ್ಲಿ ಹಾಡು ಗುನುಗಿದೆ.

ಜುಲೈ 16, ಬುಧವಾರ

ನನ್ನದು ಇಪ್ಪತ್ತು, ಅವಳದು ಹತ್ತೊಂಬತ್ತು.

ಮೇಡಂ ಇಪ್ಪತ್ತನೆಯದರ ಮೇಲೆ ಬೆರಳಿಟ್ಟರು. “ಇದು ಖಚಿತಾನಾ?”

“ಕಣ್ಣಾರೆ ನೋಡಿದೀನಿ ಮೇಡಂ.”

ಬೋರ್ಡಿನ ನಡುವೆ ದೊಡ್ಡಕ್ಷರದಲ್ಲಿ ಬರೆದೆ: “ಬೇಕರಿ ಹಿಂಬಾಗಿಲು, ಬೆಳಿಗ್ಗೆ ಆರು. ನಿನ್ನೆಯ ಬ್ರೆಡ್ಡು ಪುಕ್ಕಟೆ.” ಮಧ್ಯಾಹ್ನದೊಳಗೆ ಎಲ್ಲ ಗ್ರೂಪಿನಲ್ಲೂ ಅದರ ಫೋಟೋ. ಬೆನ್ನು ತಟ್ಟಿದವರೆಷ್ಟು, “ನೀವೇ ನಮ್ಮ ಅನ್ನದಾತೆ” ಅಂದವರೆಷ್ಟು. ಗುಬ್ಬಿ ಬೋರ್ಡಿನ ಮುಂದೆ ತುಂಬ ಹೊತ್ತು ನಿಂತಿದ್ದಳು. ಆಮೇಲೆ ಬಂದು, “ಕುರ್ಚಿ ಸಿಕ್ತಂತೆ, ಒಳ್ಳೇದಾಯ್ತು ಅಕ್ಕಾ” ಅಂದಳು. ಮುಖ ಸಪ್ಪಗಾಗಿತ್ತು. ಆಗಲಿ. ನನ್ನದು ಒಂದು ವಾರ ಹಾಗೇ ಇತ್ತು.

ಜುಲೈ 17, ಗುರುವಾರ, ಬೆಳಿಗ್ಗೆ 7

ನನ್ನ ಗೆಲುವು ನೋಡಲು ಹೋಗಿದ್ದೆ. ಹೋಗಬಾರದಿತ್ತು.

ಓಣಿಯಲ್ಲಿ ನಲವತ್ತು ಜನ. ನೂಕಾಟ, ಡ್ರಮ್ಮು ಉರುಳಿತು, ಯಾರೋ ಬಾಗಿಲು ಬಡಿದರು. ಬೇಕರಿ ಯಜಮಾನ ಮುಂದಿನಿಂದ ಸುತ್ತಿಕೊಂಡು ಬಂದ. ಆ ಹೆಂಗಸು ಒದ್ದೆ ಕೈಯಲ್ಲೇ ಹೊರಗೆ ಬಂದು ಕೇಳಿದಳು, “ಪುಕ್ಕಟೆ ಅಂತ ಯಾರು ಹೇಳಿದ್ದು ನಿಮ್ಗೆ? ಆ ಹುಡ್ಗಿ ದಿನಾ ಒಂದು ಗಂಟೆ ನನ್ನ ಜೊತೆ ಟ್ರೇ ಉಜ್ಜಿ, ಅದರ ಕೂಲಿ ತಗೊಂಡು ಹೋಗ್ತಿತ್ತು.”

ಯಜಮಾನ ಅವಳ ಕಡೆ ತಿರುಗಿದ. “ಕೂಲೀನಾ? ಯಾರನ್ನ ಕೇಳಿ ಇಟ್ಕೊಂಡೆ?”

ಹೆಂಗಸು ತಲೆ ತಗ್ಗಿಸಿದಳು. ಗುಬ್ಬಿ ಒಳಗಿನಿಂದ ಬಂದು, ಮೊಣಕೈವರೆಗೂ ಸೋಪಿನ ನೊರೆ, “ತಪ್ಪು ನಂದು ಸಾರ್, ಈ ಅಕ್ಕನ್ನ ಬೈಬೇಡಿ” ಅಂದಳು. ಚೀಲ ಖಾಲಿ. ಬಾಗಿಲಿಗೆ ಬೀಗ ಬಿತ್ತು.

ಮೊನ್ನೆ ನಾನು ಒಂದು ಗಂಟೆ ಮೊದಲೇ ಎದ್ದಿದ್ದರೆ ಟ್ರೇ ಉಜ್ಜುವುದು ಕಾಣುತ್ತಿತ್ತು. ಏಳಲಿಲ್ಲ. ಮೂಲೆಯಲ್ಲೇ ನಿಂತಿದ್ದೆ, ಮುಂದೆ ಹೋಗಲೂ ಇಲ್ಲ.

ಜುಲೈ 29, ಮಂಗಳವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಏನಂತ ಬರೆಯುವುದು. ಬೋರ್ಡಿನ ಆ ಸಾಲು ಅವತ್ತೇ ಅಳಿಸಿದೆ. ಮೇಡಂಗೆ ಹೇಳಿಲ್ಲ.

ಕುರ್ಚಿಯಲ್ಲಿ ಕೂರುತ್ತೇನೆ. ಎರಡು ಊಟ ಬರುತ್ತದೆ. ಸರ್ವರ್ ಈಗ ಸಾರು ತಳದಿಂದಲೇ ಹಾಕುತ್ತಾನೆ. ಗುಬ್ಬಿ ಬೆಳಿಗ್ಗೆ ಏಳುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಊಟಕ್ಕೆ ಕರೆದರೆ, “ಆಯ್ತು ಅಕ್ಕಾ, ನಂದು ಆಯ್ತು.” ಎಲ್ಲಿ ಆಯಿತು? ತಟ್ಟೆ ಒಣಗಿಯೇ ಇರುತ್ತದೆ. ಬೈದುಬಿಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೈಯುವುದೂ ಇಲ್ಲ, ಮಹಾತಾಯಿ. ಅದಕ್ಕೂ ಹೊಟ್ಟೆ ಉರಿಯುತ್ತದೆ, ಏನು ಜನ್ಮ ನನ್ನದು.

ಆಗಸ್ಟ್ 5, ಮಂಗಳವಾರ, ಸಂಜೆ 5.20

ಮೇಜಿನಲ್ಲೇ ಕೂತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಸಾಲಿನಲ್ಲಿ ಆರನೆಯವಳಾಗಿ ಗುಬ್ಬಿ ನಿಂತಿದ್ದಳು. ಕೂಪನ್ ಅರ್ಜಿಗೆ. ಅರ್ಜಿಯನ್ನು ಮೇಜಿನವರೇ ಕೇಳಿ ತುಂಬಬೇಕು, ಒಂದು ಸಾಲು ಖಾಲಿ ಇದ್ದರೂ ಮೇಡಂ ವಾಪಸ್ ಕಳಿಸುತ್ತಾರೆ. ಹೆಸರು ಬರೆದೆ. ತರಗತಿ ಬರೆದೆ. ನಾಲ್ಕನೆಯದು: ಇದುವರೆಗೆ ಊಟಕ್ಕೆ ಏನು ಏರ್ಪಾಡಿತ್ತು?

“ಬೆಳಿಗ್ಗೆ ಬ್ರೆಡ್ಡು. ಮಿಕ್ಕಿದ್ದು ರಾತ್ರಿಗೆ.”

“ಮನೆಯಿಂದ?”

“ಅಮ್ಮ ಫೀಸ್ ಕಟ್ತಾರೆ ಅಕ್ಕಾ. ಅಷ್ಟರಲ್ಲೇ ಅವರಿಗೆ ಸಾಕಾಗುತ್ತೆ. ಊಟ ಆಗುತ್ತೆ ಅಂತ ಹೇಳಿದೀನಿ.”

ಅದಕ್ಕೇ ಅವಳಿಗೆ ಈ ಕುರ್ಚಿ ಬೇಕಾಗಿತ್ತು. ಎರಡು ಊಟಕ್ಕೆ. ಬಾಗಿಲನ್ನು ಪಟ್ಟಿಗೆ ಹಾಕಿದ್ದರೆ ಕುರ್ಚಿ ಅವಳದೇ. ಹಾಕಲಿಲ್ಲ, ಆ ಹೆಂಗಸಿನ ಕೆಲಸಕ್ಕೆ ಕುತ್ತು ಬರಬಾರದು ಅಂತ.

ಐದನೆಯದು: ಆ ಏರ್ಪಾಡು ನಿಂತ ಕಾರಣ? ಓದಿ ಹೇಳಿದೆ.

ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಅದು ನಿಮಗೆ ಗೊತ್ತಲ್ಲ ಅಕ್ಕಾ. ನೀವೇ ಬರೀರಿ.”

ಹಿಂದಿನವರಿಗೆ ದಾರಿ ಬಿಟ್ಟು ಹೋದಳು.

5.45

ಆರಕ್ಕೆ ಮೇಡಂ ಹೊರಡುತ್ತಾರೆ. ಅರ್ಜಿ ಇವತ್ತು ಹೋಗದಿದ್ದರೆ ಕೂಪನ್ ಮುಂದಿನ ತಿಂಗಳೇ. ಅಲ್ಲಿಯವರೆಗೆ ಅವಳು ಗೋಡೆ ನೋಡಿಕೊಂಡು ಮಲಗಬೇಕು.

“ಬೇಕರಿಯವರು ನಿಲ್ಲಿಸಿದರು” ಅಂತ ಬರೆಯಬಹುದು. ಸುಳ್ಳಲ್ಲ. ಆದರೆ ಮೇಡಂ ಬೆರಳಿಟ್ಟು ಕೇಳುವವರು, ಯಾಕೆ ನಿಲ್ಲಿಸಿದರು ಅಂತ ಕೇಳಿಯೇ ಕೇಳುತ್ತಾರೆ. ಇವಳ ಹತ್ತಿರ ಕೇಳಿದರೆ, ಇವಳು ಮತ್ತೆ “ತಪ್ಪು ನಂದು” ಅನ್ನುತ್ತಾಳೆ. ನನಗೆ ಗೊತ್ತು, ಅದನ್ನೇ ಅನ್ನುತ್ತಾಳೆ.

ನಿಜ ಬರೆದರೆ ನನ್ನ ಇಪ್ಪತ್ತನೆಯದು ಹೋಯಿತು, ನಾಳೆ ಈ ಕುರ್ಚಿಯಲ್ಲಿ ಅವಳು. ನಾನು ಆ ಕಡೆ ತಟ್ಟೆ ಹಿಡಿದು, ನೋಡಿಕೊಂಡು. ಈಗಲೂ ಚುರ್ ಅನ್ನುತ್ತದೆ. ಹೋಗುವುದಿಲ್ಲ ಈ ಹಾಳು ಕಿಚ್ಚು, ಇರಲಿ, ಇಟ್ಟುಕೊಂಡೇ ಬರೆಯುತ್ತೇನೆ.

5.53. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಅರ್ಜಿಯಲ್ಲಿ.

ಕಾರಣ: ಈ ಅರ್ಜಿ ಬರೆಯುತ್ತಿರುವ ನಾನು, ಇವಳ ಮೇಲಿನ ಹೊಟ್ಟೆಕಿಚ್ಚಿಗೆ, ವಿಚಾರಿಸದೆ, ಆ ಬಾಗಿಲನ್ನು—