ಎರವಲು ಬಂದ ಎಸೆತಗಾರ

ಸೇಂಟ್ ಕುನಿಗುಂಡ, ಮಿನೆಸೋಟ
ಸೋಮವಾರ, ಸೆಪ್ಟೆಂಬರ್ 16, 1974

ಪ್ರೀತಿಯ ಮಾರ್ಲಿಸ್,

ದೇವಮಾತೆ ನಿನ್ನನ್ನು ಕಾಯಲಿ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ನೀನೇ ಕಾರಣ. ಇವತ್ತು ಬಟ್ಟೆ ಒಗೆಯುವ ದಿನ, ನೆನೆಸಿದ್ದು ನೆನೆದ ಹಾಗೇ ಇದೆ. ಮದುವೆಯಾಗಿ ಬಂದಾಗಿನಿಂದ ಒಂದು ಸೋಮವಾರವೂ ಹೀಗೆ ಆಗಿರಲಿಲ್ಲ.

ನಿನಗೆ ಮದುವೆಯಾಗಿದೆಯಂತೆ. ಜೂನ್ ತಿಂಗಳಲ್ಲೇ ಆಯಿತಂತೆ. ಮಗಳ ಬಾಯಿಂದ ಕೇಳಬೇಕಾದ ಸುದ್ದಿಯನ್ನು ನಾನು ನಿನ್ನೆ ಚರ್ಚಿನ ಸಭಾಂಗಣದಲ್ಲಿ, ಕೈಯಲ್ಲಿ ಆಲೂಗಡ್ಡೆಯ ಸೌಟು ಹಿಡಿದುಕೊಂಡು, ಇಡೀ ಊರಿನ ಮುಂದೆ ಕೇಳಿದೆ. ಅದೂ ಬೇಸ್‌ಬಾಲ್ ಜಗಳದ ನಡುವೆ!

ಅಲೋಯ್ಸ್ ಇಷ್ಟು ಹೊತ್ತಿಗೆ ನಿನಗೆ ಫೋನ್ ಮಾಡಿರುತ್ತಾನೆ. ನಿನ್ನ ಅಣ್ಣ ಅರ್ಧ ಹೇಳಿ ಅರ್ಧ ನುಂಗುವವನು. ಪೂರ್ತಿ ನಾನು ಬರೆಯುತ್ತೇನೆ.

ರಾಜ್ಯದ ಪಂದ್ಯಾವಳಿಯನ್ನು ನಮ್ಮೂರು ಗೆದ್ದದ್ದು ನಿನಗೆ ಗೊತ್ತು. ಹೇಗೆ ಗೆದ್ದರು ಅನ್ನುವುದೂ ಗೊತ್ತೇ ಇರಬೇಕು, ನನಗಿಂತ ಚೆನ್ನಾಗಿ. ರಾಜ್ಯಮಟ್ಟಕ್ಕೆ ಹೋಗುವ ತಂಡ ತನ್ನ ಸುತ್ತಿನಲ್ಲಿ ಸೋತ ಊರುಗಳಿಂದ ಎಸೆತಗಾರರನ್ನು ಎರವಲು ತರಬಹುದು ಎಂಬ ನಿಯಮ ಇದೆಯಲ್ಲ, ಅದರಂತೆ ತಂಡ ನಡೆಸುವ ನಿಮ್ಮಪ್ಪ ಪಕ್ಕದ ಊರು ನೊರ್ಡಾಲ್‌ನ ಆ ಅರ್ಲಿನ್ ಫಾಸ್‌ನನ್ನು ಕರೆಸಿಕೊಂಡರು. ತರುವುದಾದರೆ ಅವನನ್ನೇ ತರಬೇಕು ಎಂದು ಅಲೋಯ್ಸ್ ಊಟದ ಮೇಜಿನಲ್ಲಿ ಹಟ ಹಿಡಿದಾಗ ನನಗೆ ಆಶ್ಚರ್ಯವಾಗಿತ್ತು. ಹೋದ ವರ್ಷ ಇವನ ಪಕ್ಕೆಗೆ ಚೆಂಡು ಎಸೆದು ಎರಡು ವಾರ ಮಲಗಿಸಿದವನು ಆತ. ಮೇಲಾಗಿ ಲೂಥರನ್, ನಮ್ಮ ಕ್ಯಾಥೊಲಿಕ್ ಮತದವನಲ್ಲ. ನೊರ್ಡಾಲ್‌ನವರು ನಮ್ಮ ಜೊತೆ ಮಾತಾಡುವುದೇ ಆಟದಲ್ಲಿ, ಅದೂ ಬಯ್ಯುವುದಕ್ಕೆ.

ಪಂದ್ಯಾವಳಿ ನಡೆದ ಮೂರು ಭಾನುವಾರವೂ ಅವನು ನಮ್ಮ ಮನೆಯಲ್ಲೇ ಊಟ ಮಾಡಿದ. ಮಿಸೆಸ್ ಹೆನ್ನೆನ್, ಮಿಸೆಸ್ ಹೆನ್ನೆನ್ ಎಂದು ನಾಲಿಗೆಯಲ್ಲಿ ಬೆಣ್ಣೆ. ಒಮ್ಮೆ ಉಪ್ಪಿನ ಸೌತೆ ಬೇಕಾಯಿತು. ನಾನು ಏಳುವ ಮೊದಲೇ ಅವನು ನೆಲಮಾಳಿಗೆಗೆ ಇಳಿದು, ಬಿಗಿಯಾದ ಆ ಬಾಗಿಲನ್ನು ಮೊಣಕಾಲಿನಿಂದ ಗುದ್ದಿ ತೆಗೆದು, ಸರಿಯಾದ ಕಪಾಟಿನಿಂದ ಭರಣಿ ತಂದ. ಎಷ್ಟು ಚುರುಕಾದ ಹುಡುಗ ಅಂದುಕೊಂಡೆ. ಆ ಬಾಗಿಲನ್ನು ಹಾಗೆ ಗುದ್ದಬೇಕು ಅಂತ ನಮ್ಮ ಮನೆಯವರಿಗಲ್ಲದೆ ಯಾರಿಗೆ ಗೊತ್ತು? ನನಗೆ ಆಗ ಹೊಳೆಯಲಿಲ್ಲ ನೋಡು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ನಿನ್ನೆ ಬಲಿಪೂಜೆ ಮುಗಿದ ಮೇಲೆ ತಂಡದ ಊಟ. ಹಂದಿಮಾಂಸ, ಹುಳಿ ಎಲೆಕೋಸು, ಆಲೂಗಡ್ಡೆ, ನಾನು ಬಡಿಸುವವರಲ್ಲಿ ಒಬ್ಬಳು. ಎಂದಿನಂತೆ ವರ್ಷದ ಅತ್ಯುತ್ತಮ ಆಟಗಾರನನ್ನು ಆರಿಸಲು ಮನೆಗೊಂದು ಮೆಕ್ಕೆಜೋಳದ ಕಾಳು, ಅದೇ ವೋಟು. ಉಗ್ರಾಣದ ಪರದೆ ಹಿಂದೆ ಒಬ್ಬೊಬ್ಬ ಆಟಗಾರನ ಹೆಸರು ಅಂಟಿಸಿದ ಕಾಫಿ ಡಬ್ಬಗಳು. ತಂಡ ನಡೆಸುವವರು ಕಾಳು ಮುಟ್ಟಬಾರದಲ್ಲ, ಅದಕ್ಕೆ ನಿಮ್ಮಪ್ಪನ ಬದಲು ನಮ್ಮ ಮನೆಯ ಕಾಳು ನನ್ನದೇ. ಎಲ್ಲರೂ ಹಾಕಿ ಬಂದ ಮೇಲೆ ಫಾದರ್ ಕಿಲಿಯನ್ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು, ನಮ್ಮ ಅಲೋಯ್ಸನಿಗೂ ಆ ಅರ್ಲಿನ್‌ಗೂ ಸಮ ಬಿದ್ದಿದೆ ಅಂದರು.

ಸಭೆಗೆ ಸಭೆಯೇ ದಂಗಾಯಿತು. ವರ್ಷವರ್ಷ ಗೆದ್ದವನಿಗೆ ಸಲ್ಲುವ ಗೋಡೆಯ ಬ್ಯಾಟಿನ ಮೇಲೆ ಸುಟ್ಟು ಬರೆದ ಹೆಸರುಗಳೆಲ್ಲ ಈ ಊರಿನ ಮನೆತನದವು. ಅದರಲ್ಲಿ ನನ್ನ ಅಪ್ಪನ ಹೆಸರೂ ಇದೆ. ಎರವಲು ಬಂದವನ ಡಬ್ಬಕ್ಕೆ ಅರ್ಧ ಊರು ಕಾಳು ಹಾಕುತ್ತದೆ ಅಂತ ಯಾರು ಎಣಿಸಿದ್ದರು?

ಹಾಲಿನ ಡೇರಿಯ ಹ್ಯೂಬರ್ಟ್ ಕಾಸ್ಪರ್ ಎದ್ದು ನಿಂತ. ಅವನು ಎದ್ದರೆ ಬೇಗ ಕೂರುವ ಪೈಕಿ ಅಲ್ಲ.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಫಾದರ್? ಆ ಹುಡುಗ ಮೂರು ಆಟ ಎಸ್ದ, ಮೂರೂ ಗೆಲ್ಸಿಕೊಟ್ಟ. ಅವನಿಲ್ದಿದ್ರೆ ನಾವು ಮೊದಲ್ನೇ ಭಾನುವಾರವೇ ಮನೇಲಿ ದನ ಕಾಯ್ತಿದ್ವಿ."

ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ನಾನು ನಿನ್ನ ತಾಯಿ ಹೇಗಾದೇನು?

"ಮೇ ತಿಂಗಳಿಂದ ಎಸೆಯೋರ ಎದುರು ಮಂಡಿ ಮಡಚಿ ಕೂತು ಚೆಂಡು ಹಿಡಿದೋನು ಯಾರಪ್ಪ, ನಿಮ್ಮಜ್ಜಾನಾ?" ಅಂದೆ. "ಅಲೋಯ್ಸನ ಮಂಡಿ ಊತಕ್ಕೆ ದಿನಾ ಎಲೆಕೋಸಿನ ಎಲೆ ಕಟ್ಟಿದೋಳು ನಾನು. ಇವ್ನು ಮೂರು ಭಾನುವಾರ ಬಂದ, ಊಟ ಮಾಡ್ದ, ಎಸ್ದ. ಒಕ್ಕಣೆಗೆ ಬಂದೋರಿಗೆ ಊಟ ಹಾಕ್ತೀವಿ, ಹೊಲಾನೇ ಬರ್ದು ಕೊಡ್ತೀವಾ?"

ಹೆಂಗಸರ ಕಡೆ ಚಪ್ಪಾಳೆ. ಹ್ಯೂಬರ್ಟ್ ಬಿಡಲಿಲ್ಲ.

"ಅಲ್ಲಮ್ಮ ಒಟಿಲಿಯಾ, ನಿಮ್ಮ ಮಗ ಹಿಡ್ದ, ಒಪ್ಕೊಂಡೆ. ಎಸೆಯೋನು ಇಲ್ದಿದ್ರೆ ಏನನ್ನ ಹಿಡೀತಿದ್ದ, ನೊಣಾನಾ?"

"ಹಿಡಿಯೋನು ಇಲ್ದಿದ್ರೆ ನಿಮ್ಮ ಎಸೆತಗಾರನ ಚೆಂಡು ಹೋಗಿ ನಿನ್ನ ಹಾಲಿನ ಕ್ಯಾನಿಗೆ ಬೀಳ್ತಿತ್ತು!"

ಎಲ್ಲರೂ ನಕ್ಕರು, ಫಾದರ್ ಕೂಡ ನಕ್ಕರು. ಮೂಲೆಯಲ್ಲಿ ಕೂತಿದ್ದ ಅರ್ಲಿನ್ ಮಾತ್ರ ತಟ್ಟೆ ನೋಡುತ್ತಿದ್ದ. ನೊರ್ಡಾಲ್‌ನವನಿಗೆ ನಾಚಿಕೆ ಅಂತ ಒಂದು ಇದೆಯಲ್ಲ ಅಂದುಕೊಂಡೆ. ನಗು ನನ್ನ ತಲೆಗೇರಿತು ಮಾರ್ಲಿಸ್. ಸೌಟನ್ನು ಅವನ ಕಡೆ ಚಾಚಿ ಹೇಳಿಯೇಬಿಟ್ಟೆ.

"ಆ ಬ್ಯಾಟಿನ ಮೇಲಿರೋದೆಲ್ಲ ನಮ್ಮವರ ಹೆಸ್ರು. ಈತನಿಗೂ ಈ ಊರಿಗೂ ಏನು ಸಂಬಂಧ? ಒಂದೇ ಒಂದು ಸಂಬಂಧ ತೋರ್ಸಿ. ದೇವರಾಣೆ, ನಾನೇ ಅದನ್ನ ಗೋಡೆಯಿಂದ ಇಳ್ಸಿ ಇವ್ನ ಕೈಗೆ ಕೊಡ್ತೀನಿ."

ಗೆದ್ದೆ ಅಂದುಕೊಂಡೆ. ಆಗ ಅಲೋಯ್ಸ್ ಎದ್ದ.

"ಅಮ್ಮಾ, ಕೂತ್ಕೋ."

"ಯಾಕೋ ಕೂರ್ಲಿ? ಬಡಿಸೋದು ಇನ್ನೂ ಇದೆ."

"ಕೂತ್ಕೊಂಡು ಕೇಳೋದು ಒಳ್ಳೇದು. ಅರ್ಲಿನ್ ನಿನ್ನ ಅಳಿಯ."

ನನಗೆ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಾರ ಅಳಿಯ ಅಂತ ಕೇಳಿದೆನಂತೆ, ನನಗೆ ನೆನಪಿಲ್ಲ, ಪಕ್ಕದಲ್ಲಿದ್ದ ರೊಸಿನಾ ಆಮೇಲೆ ಹೇಳಿದಳು. ನಿಮ್ಮಪ್ಪನ ಬಾಯಿಯ ಚುಟ್ಟಾ ಜಾರಿ ಕಾಫಿ ಬಟ್ಟಲಿಗೆ ಬಿದ್ದು ಚುಂಯ್ ಅಂದಿತು. ಅದೊಂದು ಸದ್ದು ಇನ್ನೂ ಕೇಳಿಸುತ್ತಿದೆ. ಊರಿನವರೆಲ್ಲ ನನ್ನ ಮುಖ ನೋಡುತ್ತಿದ್ದರು.

ಅರ್ಲಿನ್ ಎದ್ದು ಬಂದು ನನ್ನ ಎದುರು ನಿಂತ. ಕಿವಿಯವರೆಗೂ ಕೆಂಪು.

"ಜೂನ್‌ನಲ್ಲಿ, ಸೇಂಟ್ ಪಾಲ್ ಕೋರ್ಟಲ್ಲಿ ಆಯ್ತು ಮಿಸೆಸ್ ಹೆನ್ನೆನ್. ನಿಮ್ಮ ಮನೇಲಿ ಊಟ ಮಾಡುವಾಗೆಲ್ಲ ಹೇಳ್ಬೇಕು ಅಂತ ಬಾಯಿವರೆಗೂ ಬರ್ತಿತ್ತು. ಆಟ ಮುಗೀಲಿ, ನಾನೇ ಬಂದು ಹೇಳ್ತೀನಿ ಅಂದಿದ್ಳು ಮಾರ್ಲಿಸ್."

"ಪಾದ್ರಿ ಇದ್ರಾ?" ನನ್ನ ಬಾಯಿಂದ ಬಂದದ್ದು ಅದೊಂದೇ.

"ಇಲ್ಲ. ಜಡ್ಜ್ ಇದ್ರು."

ಜಡ್ಜ್! ಕಳ್ಳನಿಗೆ ಶಿಕ್ಷೆ ಕೊಡುವ ಮನುಷ್ಯ ನನ್ನ ಮಗಳ ಮದುವೆ ಮಾಡಿಸಿದ. ನಿನಗೆ ಜ್ಞಾನಸ್ನಾನ ಮಾಡಿಸಿದ ಬಟ್ಟೆಯನ್ನು ನಾನು ಇನ್ನೂ ಎತ್ತಿಟ್ಟಿದ್ದೇನೆ, ನಿನ್ನ ಮಗುವಿಗೆ ಅಂತ.

ಹಿಂದಿನ ಬೆಂಚಿನಿಂದ ಹ್ಯೂಬರ್ಟ್ ಮೆಲ್ಲಗೆ, "ಹಾಗಾದ್ರೆ ಸಂಬಂಧ ಸಿಕ್ತು ಅಂತಾಯ್ತು," ಅಂದ. ಅವನ ಹೆಂಡತಿ ಅವನನ್ನು ಮೊಣಕೈಯಲ್ಲಿ ತಿವಿದದ್ದು ನಾನು ನಿಂತಲ್ಲಿಗೂ ಕೇಳಿಸಿತು.

ದೇವರ ಆಣೆ ಇಟ್ಟಾಗಿತ್ತು. ನಾನು ಕುರ್ಚಿ ಎಳೆದು ಹತ್ತಿದೆ. ಅಲೋಯ್ಸ್ ಹಿಡಿದುಕೊಳ್ಳಲು ಬಂದ, ಮುಟ್ಟಬೇಡ ಅಂದೆ. ಬ್ಯಾಟನ್ನು ಇಳಿಸಿ, ಸೊಂಟಕ್ಕೆ ಕಟ್ಟಿದ್ದ ಏಪ್ರನ್‌ನಲ್ಲಿ ಧೂಳು ಒರೆಸಿ ಅವನ ಕೈಗೆ ಕೊಟ್ಟೆ. ಅವನು ಹಿಡಿಕೆ ಹಿಡಿಯಲಿಲ್ಲ, ಎಳೆ ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲಿ ತೆಗೆದುಕೊಂಡ. ಬಲಗೈಯ ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಮೊದಲು ಚಪ್ಪಾಳೆ ತಟ್ಟಿದವನು ಅಲೋಯ್ಸ್. ಅವನ ಮುಖದಲ್ಲಿ ಒಂದಿಷ್ಟೂ ಬೇಸರ ಇರಲಿಲ್ಲ, ಅದೂ ನನಗೆ ಸಿಟ್ಟೇ ತಂದಿತು.

ನಿಮ್ಮಪ್ಪ ಕಾರಿನಲ್ಲಿ ಹೋಗಿ ಕೂತರು. ಮನೆಗೆ ಬಂದೆವು. ಅಂಗಳದಲ್ಲಿ ಇಂಜಿನ್ ಆರಿಸಿ, "ಮುಂದಿನ ವರ್ಷ ಅವ್ನು ಯಾವ ಊರಿಗೆ ಆಡ್ತಾನಂತೆ?" ಅಂತ ಕೇಳಿದರು. ಗಂಡಸರ ತಲೆಯಲ್ಲಿ ದೇವರು ಏನು ತುಂಬಿದ್ದಾನೋ ನನಗೆ ತಿಳಿಯದು.

ಈಗ ನನ್ನ ಮಾತು ಕೇಳು. ಲೂಥರನ್ ಅನ್ನುವುದು ನನಗೆ ದುಃಖವೇ, ಇಲ್ಲ ಅಂದರೆ ಸುಳ್ಳಾಗುತ್ತದೆ. ಬಲಿಪೀಠದ ಮುಂದೆ ಮದುವೆ ಆಗಲಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ದುಃಖ. ಆದರೆ ನಿನ್ನೆಯಿಂದ ನನ್ನನ್ನು ಕೊರೆಯುತ್ತಿರುವುದು ಇವೆರಡೂ ಅಲ್ಲ. ನಿನಗೆ ಬಾವು ಬಂದ ಹಲ್ಲು ಕಿತ್ತಾಗ ಬೇರೆ ಯಾರನ್ನೂ ಹತ್ತಿರ ಬಿಡದೆ ನನ್ನ ಬೆರಳು ಹಿಡಿದುಕೊಂಡು ಕೂತಿದ್ದವಳು ನೀನು. ಅಂಥವಳು ಇದನ್ನು ನನಗೆ ಹೇಳಲು ಹೆದರಿದೆಯಲ್ಲ. ಅಣ್ಣನಿಗೆ ಹೇಳಿದೆ, ನನಗೆ ಹೇಳಲಿಲ್ಲ. ನಾನು ಅಷ್ಟು ಕಠಿಣವಾಗಿದ್ದೆನೇ? ಇದಕ್ಕೆ ಉತ್ತರ ಬೇಕು, ಫೋನಿನಲ್ಲಲ್ಲ, ನನ್ನ ಮುಂದೆ ಕೂತು ಹೇಳಬೇಕು.

ಬೆಳಿಗ್ಗೆ ಫಾದರ್ ಕಿಲಿಯನ್ ಹತ್ತಿರ ಹೋಗಿದ್ದೆ. ಬಿಷಪ್ಪರ ಅಪ್ಪಣೆ ತರಿಸಿದರೆ ಚರ್ಚಿನ ಪಕ್ಕದ ಬಲಿಪೀಠದಲ್ಲಿ ಮದುವೆಯನ್ನು ಆಶೀರ್ವದಿಸಬಹುದಂತೆ, ಅವನು ಮತ ಬಿಡಬೇಕಾಗಿಲ್ಲವಂತೆ. ಇಬ್ಬರೂ ಒಪ್ಪಿ ಬರಬೇಕು, ಅಷ್ಟೇ. ಶನಿವಾರ ಫಾದರ್ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನೀವೂ ಬನ್ನಿ. ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಬಾರದಿದ್ದರೆ ನಿಮ್ಮಿಬ್ಬರ ಕುರ್ಚಿಗಳು ಖಾಲಿ ಇರುತ್ತವೆ, ನಾನು ಯಾರನ್ನೂ ಅವುಗಳಲ್ಲಿ ಕೂರಿಸುವುದಿಲ್ಲ.

ನಿನ್ನ ಮೇಲೆ ಸಿಟ್ಟಾಗಿದ್ದರೂ ನಿನಗಾಗಿ ಜಪಮಾಲೆ ಹಿಡಿದಿರುವ,

ಅಮ್ಮ
ಒಟಿಲಿಯಾ ಹೆನ್ನೆನ್

ಮರೆತಿದ್ದು: ಕೊನೆಯ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸಿನಲ್ಲಿ ಅವರ ಆಟಗಾರರು ನಿಂತಿದ್ದರು, ನಾವು ಮುಂದಿದ್ದದ್ದು ಒಂದೇ ಒಂದು ರನ್ನು. ಹೇಗಾದರೂ ಗೆಲ್ಲಿಸು ಎಂದು ದೇವಮಾತೆಯನ್ನು ಬೇಡಿಕೊಂಡು ಕಣ್ಣು ಬಿಟ್ಟೆ. ಅರ್ಲಿನ್ ಉಗುರು ಕಿತ್ತ ಬೆರಳಿನ ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಎಸೆಯುತ್ತಿದ್ದ. ನಿನ್ನೆ ಪರದೆ ಹಿಂದೆ ನಾನು ಬಹಳ ಹೊತ್ತು ನಿಂತೆ. ಅಲ್ಲಿ ದೇವರಲ್ಲದೆ ಯಾರೂ ಇರಲಿಲ್ಲ, ಅವನ ಎದುರು ಸುಳ್ಳು ಹೇಳಲು ಕೈ ಬರಲಿಲ್ಲ. ನಮ್ಮ ಮನೆಯ ಕಾಳನ್ನು ಅರ್ಲಿನ್‌ನ ಡಬ್ಬಕ್ಕೆ ಹಾಕಿದೆ. ಆಚೆ ಬಂದು ತಾಯಿಯಾಗಿ ಮಗನ ಪರ ಕೂಗಾಡಿದೆ. ಆ ಒಂದು ಕಾಳು ಅಲೋಯ್ಸನಿಗೆ ಬಿದ್ದಿದ್ದರೆ ಸಮವೂ ಆಗುತ್ತಿರಲಿಲ್ಲ, ಜಗಳವೂ ಇರುತ್ತಿರಲಿಲ್ಲ, ನಾನು ಇವತ್ತು ನೆಮ್ಮದಿಯಾಗಿ ಬಟ್ಟೆ ಒಗೆಯುತ್ತಿದ್ದೆ. ಇದು ನಿನ್ನ ಅಣ್ಣನಿಗೆ ತಿಳಿಯುವುದು ಬೇಡ. ನಿನ್ನ ಗಂಡನಿಗೆ ಬೇಕಾದರೆ ಹೇಳು.