ಮೂರನೇ ಹಾಡು ಕಟ್ಟಿದವನು

ಜೂನ್ ೯, ಸೋಮವಾರ.

ಸಂಜೆ ಫೋನ್ ಮಾಡಿದವಳು ನಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವನ ಹೆಂಡತಿ. ಅವನು ತೀರಿಹೋಗಿ ಎರಡು ವರ್ಷವಾಯಿತು.

“ಅಣ್ಣಾ, ಇಂಟರ್ನೆಟ್ ವಿಶ್ವಕೋಶದಲ್ಲಿ ನಿಮ್ಮ ರಾಕ್ ಆಲ್ಬಮ್ಮಿನ ಪುಟ ಇದೆಯಲ್ಲ, ಮೂರನೇ ಹಾಡು ಇವ್ರು ಕಟ್ಟಿದ್ದು ಅಂತ ಹಾಕ್ತೀನಿ. ಯಾವನೋ ಮುಠ್ಠಾಳ ಆಧಾರ ಇಲ್ಲ ಅಂತ ಏಳು ಸಲ ಅಳಿಸಿದ್ದಾನೆ. ನೀವಾದ್ರೂ ಅವನಿಗೆ ಬುದ್ಧಿ ಹೇಳಿ.”

ಆ ಮುಠ್ಠಾಳ ನಾನೇ. ಆಲ್ಬಮ್ಮಿನ ಕವರಿನ ಮೇಲೆ ಆ ಹಾಡಿಗೆ ನನ್ನ ಹೆಸರು ಅಚ್ಚಾಗಿದ್ದು ಅಂದು ನಾನು ಕೂಗಾಡಿದ್ದಕ್ಕೆ. ಹಾಡು ಹುಟ್ಟಿದ್ದು ನನ್ನ ಗ್ಯಾರೇಜಿನಲ್ಲಿ, ಹಳೆಯ ಟೈರಿನ ಮೇಲೆ ಕೂತ ಅವನ ಕೈಯಲ್ಲಿ. ಕಂಡವನು ನಾನೊಬ್ಬನೇ.

“ನೋಡ್ತೀನಮ್ಮ” ಎಂದು ಗದರಿದವನಂತೆ ಫೋನಿಟ್ಟೆ.

ಎಂಟನೇ ಸಲ ಹಾಕಿದ್ದಾಳೆ. ಇವತ್ತು ಅಳಿಸಲಿಲ್ಲ. ಅಷ್ಟಕ್ಕೇ ದೊಡ್ಡ ಮನುಷ್ಯನಾದೆನೇ? ಕಣ್ಣಾರೆ ಕಂಡೆ ಎಂದು ನಾನೇ ಬರೆಯಬೇಕು. ಅದೇ ಖಾತೆಯಿಂದ ಬರೆದರೆ, ಏಳು ಸಲ ಅಳಿಸಿದವನೂ ಇವನೇ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ.